ಪಿಸಿಎಂಬಿ ಓದಿ ಐಐಎಸ್‌ಸಿಯಲ್ಲಿ ಬಯಾಲಜಿ: ಸೀಟು ಸಿಗುವ ಸಾಧ್ಯತೆ ಅಂದಾಜು ಮಾಡೋದು ಹೇಗೆ?

ಮಲ್ಲೇಶ್ವರ_18ನೇ_ಕ್ರಾಸ್
ತಂಗಿ ಎರಡನೇ ಪಿಯು, ಪಿಸಿಎಂಬಿ. ಐಐಎಸ್‌ಸಿಯ ನಾಲ್ಕು ವರ್ಷದ ಬಿಎಸ್ ಸೇರಿ ಬಯಾಲಜಿ ಮೇಜರ್ ತಗೋಬೇಕು, ಇಲ್ಲದಿದ್ದರೆ ಐಸರ್ (ಕೇಂದ್ರದ ವಿಜ್ಞಾನ ಶಿಕ್ಷಣ-ಸಂಶೋಧನಾ ಸಂಸ್ಥೆಗಳು) ಅಂತಿದಾಳೆ. ಐಎಟಿ, ಅಂದರೆ ಐಸರ್ ಪ್ರವೇಶ ಪರೀಕ್ಷೆ (ಐಐಎಸ್‌ಸಿಯೂ ಇದರ ರ್‍ಯಾಂಕ್ ನೋಡುತ್ತೆ), ಅದರ ಮಾಕ್‌ಗಳಲ್ಲಿ 240ಕ್ಕೆ 94ರ ಆಸುಪಾಸು. ಬಯಾಲಜಿ 45, ಕೆಮಿಸ್ಟ್ರಿ 29, ಫಿಸಿಕ್ಸ್ 20. ಗಣಿತ ಮುಟ್ಟೋದೇ ಇಲ್ಲ. ಬಯಾಲಜಿಯವರಿಗೆ ಬೇರೆ ಕಟ್-ಆಫ್ ಇರುತ್ತಾ? ನಮ್ಮ ಹತ್ತಿರ 3ಬಿ ಪ್ರಮಾಣಪತ್ರ ಇದೆ.

ಹೊಂಗೆಮರ
ಬೇರೆ ಕಟ್-ಆಫ್ ಇಲ್ಲ. ಐಐಎಸ್‌ಸಿಯಲ್ಲಿ ಮೊದಲ ಮೂರು ಸೆಮಿಸ್ಟರ್ ಎಲ್ಲರಿಗೂ ಒಂದೇ ಪಾಠ, ಗಣಿತವೂ ಸೇರಿ. ಐಸರ್‌ಗಳ ಬಿಎಸ್-ಎಂಎಸ್‌ನಲ್ಲೂ ಮೇಜರ್ ಆರಿಸೋದು ಆಮೇಲೆ. ಹಾಗಾಗಿ ಇವಳ ಸ್ಪರ್ಧೆ ಗಣಿತದಲ್ಲಿ ಜೋರಿರುವವರ ಜೊತೆಗೂ ಹೌದು.

ನೀಟ್‌ನಲ್ಲಿ 720ಕ್ಕೆ 360 ಅಂಕ ಬಯಾಲಜಿಯದ್ದೇ. ಐಎಟಿಯಲ್ಲಿ ನಾಲ್ಕು ವಿಷಯಕ್ಕೂ ತಲಾ 15 ಪ್ರಶ್ನೆ, ತಲಾ 60 ಅಂಕ. ಬಯಾಲಜಿ 45ರಿಂದ 53ಕ್ಕೆ ಏರಿಸೋದು ಕಷ್ಟದ ಕೆಲಸ. ಗಣಿತದಲ್ಲಿ ಐದು ಸರಿ, ನಾಲ್ಕು ತಪ್ಪು ಮಾಡಿದರೂ 16 ಬಂತು, ಒಟ್ಟು 110. ಮ್ಯಾಟ್ರಿಕ್ಸ್, ಸಂಭವನೀಯತೆ, ವೆಕ್ಟರ್ ಈ ಮೂರು ಗಟ್ಟಿ ಮಾಡಿಸಿ, ಇವು ಬೇಗ ಕೈಗೆ ಹತ್ತುತ್ತವೆ. ಸಂಭವನೀಯತೆ ಬಯಾಲಜಿಗೂ ಬೇಕು. AaBbCc ಗಿಡವನ್ನು ಅದರಂತದ್ದೇ ಗಿಡದ ಜೊತೆ ಕ್ರಾಸ್ ಮಾಡಿದರೆ AabbCc ಬರುವ ಸಾಧ್ಯತೆ ಎಷ್ಟು? 1/2 × 1/4 × 1/2, ಅಂದರೆ 1/16. ಪಿಯು ಪರೀಕ್ಷೆಗೆ ಅಂತ 64 ಮನೆಯ ಚೌಕ ಬರೆಯುತ್ತಾ ಕೂತರೆ ಮೂರು ಗಂಟೆಗೆ 60 ಪ್ರಶ್ನೆ ಮುಗಿಯಲ್ಲ.

ಸರ್ಕಲ್_ಮಾರಮ್ಮ
94 ಅನ್ನೋ ಅಂಕವನ್ನ ಹೋದ ವರ್ಷದ ಅಂಕಕ್ಕೆ ಹೋಲಿಸಬೇಡಿ. ಪೇಪರ್ ಬಿಗಿಯಾದರೆ ಅದೇ ಅಂಕಕ್ಕೆ ರ್‍ಯಾಂಕ್ ಪೂರಾ ಬದಲಾಗುತ್ತೆ. ನಿಮ್ಮ ಕೆಟಗರಿಯ ಕೊನೆಯ ಸುತ್ತಿನ ಮುಕ್ತಾಯ ರ್‍ಯಾಂಕ್ (ಕೊನೆಯ ಸೀಟು ಸಿಕ್ಕವರ ರ್‍ಯಾಂಕ್) ನೋಡಿ. ಮೊದಲ ಸುತ್ತಿನದು ನೋಡಿ ಎಷ್ಟೋ ಜನ ಸುಮ್ಮನೆ ಕೈಚೆಲ್ಲುತ್ತಾರೆ. ಐಐಎಸ್‌ಸಿ ಪಟ್ಟಿ ಐಸರ್‌ಗಳಿಗಿಂತ ಬಹಳ ಮೇಲೇ ಮುಗಿಯುತ್ತೆ. ಅದಕ್ಕೆ ಅರ್ಜಿಯೂ ಪ್ರತ್ಯೇಕ, ಐಎಟಿಗೆ ಹಾಕಿದ್ದು ಸಾಲದು.

ಊಹೆಯ ವಿಚಾರ: ಸರಿಗೆ +4, ತಪ್ಪಿಗೆ −1. ನಾಲ್ಕೂ ಆಯ್ಕೆಯಲ್ಲಿ ಕಣ್ಣುಮುಚ್ಚಿ ಗುರುತಿಸಿದರೆ ಸರಾಸರಿ 0.25 ಅಂಕ, ಅದೃಷ್ಟದ ಆಟ. ಎರಡನ್ನು ಖಚಿತವಾಗಿ ತೆಗೆದುಹಾಕಿದರೆ 1.5. ಅಂಥದ್ದನ್ನ ಬಿಡಲೇಬಾರದು.

ಮಲ್ಲೇಶ್ವರ_18ನೇ_ಕ್ರಾಸ್
ಗಣಿತ ಇಲ್ಲದೆ ಪಿಸಿಬಿ ಓದಿದವರು? ಅವಳ ಗೆಳತಿಗೆ ಬೇಕಿತ್ತು.

ಹೊಂಗೆಮರ
ಐಸರ್‌ಗೆ ನಾಲ್ಕರಲ್ಲಿ ಮೂರು ವಿಷಯ ಇದ್ದರೆ ಸಾಕು, ಪರೀಕ್ಷೆಯಲ್ಲಿ ಗಣಿತದ ಪ್ರಶ್ನೆಗಳಂತೂ ಇದ್ದೇ ಇರುತ್ತವೆ. ಐಐಎಸ್‌ಸಿ ಬಿಎಸ್‌ಗೆ ಪಿಯುನಲ್ಲಿ ಗಣಿತ ಕಡ್ಡಾಯ, ಅಲ್ಲಿ ದಾರಿಯಿಲ್ಲ.

ನಾಡಕಚೇರಿ_ಸಾಲು
3ಬಿ ಬಗ್ಗೆ ಯಾರೂ ಹೇಳಲಿಲ್ಲ. ರಾಜ್ಯದ 2ಎ, 3ಎ, 3ಬಿ ಪ್ರಮಾಣಪತ್ರ ಇಲ್ಲಿ ನಡೆಯಲ್ಲ. ನಿಮ್ಮ ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿದ್ದರೆ ಕೇಂದ್ರದ ನಮೂನೆಯಲ್ಲೇ ಕೆನೆಪದರವಲ್ಲದ ಪ್ರಮಾಣಪತ್ರ ಮಾಡಿಸಿ, ಹಳೆಯ ವರ್ಷದ್ದು ಬೇಡ. ಪಟ್ಟಿಯಲ್ಲಿ ಇಲ್ಲದಿದ್ದರೆ ಇಡಬ್ಲ್ಯುಎಸ್ (ಆರ್ಥಿಕವಾಗಿ ಹಿಂದುಳಿದವರ ಮೀಸಲಾತಿ) ನೋಡಿ: ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿರಬೇಕು. ಆದರೆ ನಗರದಲ್ಲಿ 100 ಚದರ ಗಜ, ಅಂದರೆ 900 ಚದರ ಅಡಿ ಅಥವಾ ಹೆಚ್ಚಿನ ನಿವೇಶನ ಇದ್ದರೆ ಅನರ್ಹ. ಬೆಂಗಳೂರಿನವರು ಸಿಕ್ಕಿಬೀಳೋದು ಇಲ್ಲೇ: 20×30 ಸೈಟು ಈ ಮಿತಿಯೊಳಗೆ ಬರುತ್ತೆ, 30×40 ಬರಲ್ಲ. ಇದು ಇತ್ಯರ್ಥ ಆಗುವವರೆಗೆ ಯಾವ ಕೆಟಗರಿಯ ರ್‍ಯಾಂಕಿಗೆ ಹೋಲಿಸಬೇಕು ಅನ್ನೋದೇ ತಿಳಿಯಲ್ಲ, ಹಾಗಾಗಿ ಸದ್ಯಕ್ಕೆ ಸಾಮಾನ್ಯ ವರ್ಗದ ರ್‍ಯಾಂಕನ್ನೇ ಗುರಿಯಾಗಿಟ್ಟುಕೊಳ್ಳಿ.