1934ರ ಪುಣೆ ಕೋರ್ಟಿನ ಆದೇಶ: ‘ಬುದ್ಧಿ ಸ್ಥಿಮಿತವಿಲ್ಲ’ ಎಂದು ತೀರ್ಮಾನಿಸಿದ ನ್ಯಾಯಾಲಯವೇ ಯರವಡಾಕ್ಕೂ ಕಳಿಸಿತೇ?

ಡೊಂಬಿವಲಿ ನಿವಾಸಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಮೂಲತಃ ಧಾರವಾಡ ಕಡೆಯ ಕುಟುಂಬ. ಮುತ್ತಜ್ಜನ ಕಾಲದಲ್ಲಿ ಪುಣೆಗೆ ಬಂದು ನೆಲೆಸಿದರು, ತಂದೆಯವರು ನೌಕರಿಯ ನಿಮಿತ್ತ ಮುಂಬೈ ಸೇರಿದರು. ಅವರ ಕಾಗದಪತ್ರಗಳಲ್ಲಿ ಪುಣೆ ಜಿಲ್ಲಾ ನ್ಯಾಯಾಲಯದ 1934ರ ಆದೇಶವೊಂದರ ದೃಢೀಕೃತ ನಕಲು ಸಿಕ್ಕಿದೆ. ಅದು ನನ್ನ ಅಜ್ಜನ ತಂಗಿಗೆ ಸಂಬಂಧಿಸಿದ್ದು. ಆಕೆ ಮಕ್ಕಳಿಲ್ಲದ ವಿಧವೆ. ಪಾಲಾಗಿ ಬೇರೆಯಾಗಿದ್ದ ಗಂಡನ ಜಮೀನು ಮತ್ತು ಒಂದು ಮನೆ ಆಕೆಯ ಹೆಸರಿಗೆ ಬಂದಿದ್ದವು. ಅರ್ಜಿ ಹಾಕಿದವರು ಆಕೆಯ ಮೈದುನ. 1912ರ ಇಂಡಿಯನ್ ಲೂನಸಿ ಆ್ಯಕ್ಟಿನ 62ನೆಯ ಕಲಮಿನಡಿ ವಿಚಾರಣೆ ನಡೆಸಿದ ನ್ಯಾಯಾಲಯವು, ಆಕೆಯ ಬುದ್ಧಿ ಸ್ಥಿಮಿತದಲ್ಲಿಲ್ಲ, ತನ್ನನ್ನೂ ತನ್ನ ವ್ಯವಹಾರವನ್ನೂ ನೋಡಿಕೊಳ್ಳಲು ಆಕೆ ಅಸಮರ್ಥಳು ಎಂದು ತೀರ್ಮಾನಿಸಿ, ಮೈದುನನನ್ನೇ ಆಸ್ತಿಯ ವ್ಯವಸ್ಥಾಪಕನನ್ನಾಗಿ ನೇಮಿಸಿದೆ.

ನಮ್ಮ ಮನೆಯಲ್ಲಿ ಇದುವರೆಗೂ ಹೇಳಿಕೊಂಡು ಬಂದದ್ದು, ‘ಕೋರ್ಟೇ ಅವರನ್ನು ಯರವಡಾಕ್ಕೆ ಕಳಿಸಿತು’ ಎಂದು. ಆಕೆ ಯರವಡಾದ ಮನೋರೋಗಾಲಯದಲ್ಲಿಯೇ ತೀರಿಕೊಂಡರು. ಆದರೆ ನಾನು ಓದಿದ ಪುಟಗಳಲ್ಲಿ ಆಸ್ಪತ್ರೆಯ ಪ್ರಸ್ತಾಪವೇ ಇಲ್ಲ. ಇಂಥ ವಿಚಾರಣೆಯಲ್ಲಿ ಆ ಹೆಣ್ಣುಮಗಳ ಮಾತನ್ನು ಯಾರಾದರೂ ಕೇಳುತ್ತಿದ್ದರೇ? ಬುದ್ಧಿ ಕೆಟ್ಟಿದೆ ಎಂದು ಸಾಬೀತಾದರೆ ಆಸ್ತಿಯ ಹಕ್ಕೇ ಹೋಗುತ್ತಿತ್ತೇ? ಆಸ್ಪತ್ರೆಗೆ ಸೇರಿಸಿದ ಕಾಗದ ಬೇರೆ ಇದ್ದೀತೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಪುಣೆಯ ನಿವೃತ್ತ ವಕೀಲ

ನಿಮ್ಮ ಅನುಮಾನ ಸರಿಯಾಗಿದೆ. 62ನೆಯ ಕಲಮಿನ ವಿಚಾರಣೆಯು ಹುಟ್ಟುವುದೇ ಆಸ್ತಿಯ ಕಾರಣಕ್ಕೆ. ಆಸ್ತಿಯುಳ್ಳ ವ್ಯಕ್ತಿಯೊಬ್ಬರ ಚಿತ್ತ ಅಸ್ವಸ್ಥವಾಗಿದೆ ಎಂಬ ಆರೋಪ ಬಂದಾಗ, ಮುಂಬೈ ನಗರದಲ್ಲಾದರೆ ಹೈಕೋರ್ಟೂ ಪುಣೆ, ಠಾಣೆ, ಧಾರವಾಡದಂಥ ಕಡೆ ಜಿಲ್ಲಾ ನ್ಯಾಯಾಲಯವೂ ವಿಚಾರಣೆ ನಡೆಸಬಹುದಿತ್ತು. ಅಲ್ಲಿ ಎರಡು ಸಂಗತಿಗಳು ಒಟ್ಟಿಗೆ ಸಾಬೀತಾಗಬೇಕಿತ್ತು: ಚಿತ್ತ ಅಸ್ವಸ್ಥವಾಗಿದೆ ಎಂಬುದು, ಮತ್ತು ಆ ಕಾರಣದಿಂದ ತನ್ನನ್ನೂ ತನ್ನ ವ್ಯವಹಾರವನ್ನೂ ನಡೆಸಲಾಗದು ಎಂಬುದು. ದುಃಖದಿಂದ ಮೌನವಾಗಿರುವ, ಒಬ್ಬಳೇ ಮಾತಾಡಿಕೊಳ್ಳುವ, ಆದರೆ ಗೇಣಿಯ ಲೆಕ್ಕ ತಪ್ಪದೆ ಹೇಳಬಲ್ಲ ಹೆಂಗಸನ್ನು ಈ ಕಲಮಿನಡಿ ತರುವುದು ಕಾನೂನಿನ ಪ್ರಕಾರ ಸಲ್ಲದು. ನಿಮ್ಮ ಆದೇಶದಲ್ಲಿ ಎರಡನೆಯ ಸಂಗತಿಗೆ ಯಾವ ಪುರಾವೆ ಉಲ್ಲೇಖವಾಗಿದೆ ಎಂಬುದನ್ನು ಮೊದಲು ನೋಡಿ.

ಆಕೆಗೆ ವಿಚಾರಣೆಯ ನೋಟೀಸು ಕೊಡಬೇಕಿತ್ತು. ಆಕೆಯನ್ನು ಹಾಜರುಪಡಿಸಿಕೊಂಡು ಪ್ರಶ್ನಿಸುವ, ವೈದ್ಯರಿಂದ ಪರೀಕ್ಷೆ ಮಾಡಿಸುವ ಅಧಿಕಾರ ನ್ಯಾಯಾಧೀಶರಿಗಿತ್ತು. ಹೊರಗೆ ಕಾಣಿಸಿಕೊಳ್ಳದ ಸಂಪ್ರದಾಯದ ಮನೆತನದ ಸ್ತ್ರೀಯರ ವಿಚಾರಣೆ ಇತರ ಸಿವಿಲ್ ದಾವೆಗಳ ರೂಢಿಯಂತೆಯೇ ನಡೆಯಬೇಕೆಂಬ ನಿಯಮವೂ ಇತ್ತು. ಕಾನೂನಿನಲ್ಲಿ ಇತ್ತು ಎಂದ ಮಾತ್ರಕ್ಕೆ ಆ ದಿನ ಹಾಗೆಯೇ ನಡೆಯಿತು ಎಂದು ನಾನು ಹೇಳಲಾರೆ; ಕಡತದಲ್ಲಿ ಆಕೆಯ ಹೇಳಿಕೆ ಇದೆಯೋ ಇಲ್ಲವೋ ಎಂಬುದೇ ಇದಕ್ಕೆ ಉತ್ತರ.

ಆಸ್ಪತ್ರೆಗೆ ಸೇರಿಸುವ ಆದೇಶ ಇದರಿಂದ ಬೇರೆಯೇ ಆದದ್ದು. ಅದನ್ನು ರಿಸೆಪ್ಶನ್ ಆರ್ಡರ್ ಎನ್ನುತ್ತಿದ್ದರು. ವಿಚಾರಣೆ ಮುಗಿದ ಮೇಲೆ ಜಿಲ್ಲಾ ನ್ಯಾಯಾಲಯವೇ ಅಂಥ ಆದೇಶ ಮಾಡಬಹುದಿತ್ತು, ಆದರೆ ತೀರ್ಮಾನ ಹೊರಬಿದ್ದ ಕೂಡಲೆ ಅದು ತಾನಾಗಿ ಆಗುವಂಥದ್ದಲ್ಲ. ಹೆಚ್ಚಾಗಿ ಇದು ಮ್ಯಾಜಿಸ್ಟ್ರೇಟರ ಮುಂದೆ ಸಂಬಂಧಿಕರು ಹಾಕುವ ಅರ್ಜಿಯಿಂದ ಆಗುತ್ತಿತ್ತು. ಅರ್ಜಿದಾರ ಹಿಂದಿನ 14 ದಿನಗಳ ಒಳಗೆ ರೋಗಿಯನ್ನು ಕಣ್ಣಾರೆ ಕಂಡಿರಬೇಕಿತ್ತು. ಎರಡು ವೈದ್ಯಕೀಯ ಪ್ರಮಾಣಪತ್ರಗಳು ಬೇಕಿದ್ದವು, ಅವುಗಳಲ್ಲಿ ಒಂದು ಗೆಜೆಟೆಡ್ ವೈದ್ಯಾಧಿಕಾರಿಯದು. ವೈದ್ಯರು ತಾವೇ ಕಂಡ ಲಕ್ಷಣಗಳನ್ನೂ ಇತರರು ಹೇಳಿದ ಸಂಗತಿಗಳನ್ನೂ ಬೇರೆ ಬೇರೆಯಾಗಿ ಬರೆಯಬೇಕಿತ್ತು, ಮತ್ತು ಇತರರ ಮಾತಿನ ಮೇಲಷ್ಟೇ ನಿಂತ ಪ್ರಮಾಣಪತ್ರದ ಆಧಾರದಲ್ಲಿ ಆದೇಶ ಮಾಡುವಂತಿರಲಿಲ್ಲ. ಇಡೀ ಕಾಯಿದೆಯಲ್ಲಿ ನಾನು ಅತ್ಯಂತ ಗೌರವಿಸುವ ನಿಯಮ ಇದು. ಮನೆಯವರು ‘ರಾತ್ರಿಯೆಲ್ಲ ಕೂಗುತ್ತಾಳೆ, ಅನ್ನ ಚೆಲ್ಲುತ್ತಾಳೆ’ ಎಂದು ಹೇಳಿದ್ದನ್ನು ಬರೆದುಕೊಂಡು ಸಹಿ ಹಾಕಿದರೆ ಸಾಲದು, ವೈದ್ಯನು ತನ್ನ ಕಣ್ಣಿಗೆ ಬಿದ್ದದ್ದನ್ನು ಹೇಳಲೇಬೇಕು. ಕಡತ ಸಿಕ್ಕರೆ ಆ ಎರಡು ಅಂಕಣಗಳನ್ನು ಅಕ್ಕಪಕ್ಕ ಇಟ್ಟು ಓದಿ. ಎಷ್ಟೋ ಬಾರಿ ಇಡೀ ಪ್ರಕರಣದ ಸತ್ಯ ಅಲ್ಲಿಯೇ ಇರುತ್ತದೆ.

ಆಸ್ತಿಯ ಹಕ್ಕಿನ ಬಗ್ಗೆ ಕೇಳಿದ್ದೀರಿ. ಹಳೆಯ ಹಿಂದೂ ಶಾಸ್ತ್ರದ ಪ್ರಕಾರ ಚಿತ್ತವಿಕಲರಿಗೆ ವಾರಸು ಸಿಗುತ್ತಿರಲಿಲ್ಲ. ಆದರೆ 1928ರ ಕಾಯಿದೆಯೊಂದು ಹುಟ್ಟಿನಿಂದಲೇ ಬುದ್ಧಿವಿಕಲರಾದವರನ್ನು ಬಿಟ್ಟು ಉಳಿದವರ ಮೇಲಿನ ಆ ನಿರ್ಬಂಧವನ್ನು ತೆಗೆದುಹಾಕಿತು. ಅದಲ್ಲದೆ, ಒಮ್ಮೆ ಬಂದ ಹಕ್ಕು ಆಮೇಲೆ ಬಂದ ಚಿತ್ತವಿಕಾರದಿಂದ ಹೋಗುತ್ತಲೂ ಇರಲಿಲ್ಲ. ಹಾಗಾಗಿ 1934ರಲ್ಲಿ ಆ ಮೈದುನನಿಗೆ ಆಸ್ತಿಯನ್ನು ಕಿತ್ತುಕೊಳ್ಳುವ ದಾರಿ ಇರಲಿಲ್ಲ, ಕೈಗೆ ತೆಗೆದುಕೊಂಡು ನಡೆಸುವ ದಾರಿ ಇತ್ತು. ವಿಧವೆಯದು ಜೀವಮಾನದ ಸೀಮಿತ ಹಕ್ಕು. ಆಕೆಯ ನಂತರ ಗಂಡನ ವಾರಸುದಾರರಿಗೆ, ಅಂದರೆ ಬಹುಶಃ ಅದೇ ಮೈದುನನಿಗೆ, ಆಸ್ತಿ ಸೇರಬೇಕಿತ್ತು. ಹೀಗೆ ಒಬ್ಬರ ಸಾವಿನಿಂದ ಲಾಭ ಪಡೆಯುವವನ ಕೈಗೆ ಅವರ ದೇಹವನ್ನು ಒಪ್ಪಿಸಬಾರದೆಂದು ಕಾಯಿದೆ ಬರೆದವರಿಗೂ ತಿಳಿದಿತ್ತು. ವಾರಸುದಾರನನ್ನು ರೋಗಿಯ ಶರೀರದ ಪೋಷಕನನ್ನಾಗಿ ನೇಮಿಸಕೂಡದು, ರೋಗಿಯ ಹಿತಕ್ಕಾಗಿ ನೇಮಿಸುವುದಾದರೆ ಕಾರಣಗಳನ್ನು ಬರೆದಿಡಬೇಕು ಎಂಬ ಕಲಮು ಅದಕ್ಕಾಗಿಯೇ ಇತ್ತು. ಆಸ್ತಿಯ ವ್ಯವಸ್ಥಾಪಕ ಬೇರೆ, ಶರೀರದ ಪೋಷಕ ಬೇರೆ. ನಿಮ್ಮ ಆದೇಶದಲ್ಲಿ ಪೋಷಕರು ಯಾರೆಂದು ದಯವಿಟ್ಟು ನೋಡಿ ತಿಳಿಸಿ.

ಮಾಟುಂಗಾದ ಇತಿಹಾಸ ಅಧ್ಯಾಪಕಿ

ವಕೀಲರ ಉತ್ತರ ಬಹಳ ಉಪಯುಕ್ತವಾಗಿದೆ. ಒಂದು ಮಾತು ಸೇರಿಸುತ್ತೇನೆ. ಇಂಥ ವಿಚಾರಣೆ ಎಷ್ಟೇ ದುರ್ಬಲವಾಗಿದ್ದರೂ, ವಿಚಾರಣೆಯೇ ಇಲ್ಲದ ಸ್ಥಿತಿ ಇನ್ನೂ ಘೋರವಾದದ್ದು ಎಂಬುದಕ್ಕೆ ನಮ್ಮ ನೆರೆಯ ಕೊಲ್ಹಾಪುರವೇ ಸಾಕ್ಷಿ. ಬಾಲಕನಾಗಿದ್ದಾಗ ದತ್ತಕ ಬಂದ ನಾಲ್ಕನೆಯ ಶಿವಾಜಿ ಮಹಾರಾಜರಿಗೆ ಬುದ್ಧಿಭ್ರಮಣೆಯಾಗಿದೆ ಎಂದು ಬ್ರಿಟಿಷ್ ಅಧಿಕಾರಿಗಳು ನಿರ್ಧರಿಸಿದರು. ಆ ನಿರ್ಧಾರವನ್ನು ಪ್ರಶ್ನಿಸಲು ತೆರೆದ ನ್ಯಾಯಾಲಯವಿರಲಿಲ್ಲ. ಮಹಾರಾಜರನ್ನು ಕ್ರೂರವಾಗಿ ನಡೆಸಿಕೊಳ್ಳಲಾಗುತ್ತಿದೆ ಎಂದು ಪುಣೆಯ ‘ಕೇಸರಿ’ ಮತ್ತು ‘ಮರಾಠಾ’ ಪತ್ರಿಕೆಗಳು ಬರೆದಾಗ, ಸಂಸ್ಥಾನದ ಕಾರಭಾರಿ ಮಾಧವರಾವ್ ಬರ್ವೆ ಮಾನನಷ್ಟದ ಮೊಕದ್ದಮೆ ಹೂಡಿದರು. ಪತ್ರಿಕೆಗಳು ಆಧಾರವಾಗಿಟ್ಟುಕೊಂಡಿದ್ದ ಪತ್ರಗಳು ಖೋಟಾ ಎಂದು ತಿಳಿದುಬಂತು. 1882ರಲ್ಲಿ ಆ ಪತ್ರಿಕೆಗಳ ಸಂಪಾದಕರಾದ ಟಿಳಕರಿಗೂ ಆಗರಕರರಿಗೂ ನಾಲ್ಕು ತಿಂಗಳ ಸಜೆಯಾಯಿತು. ಇಬ್ಬರೂ ಮುಂಬೈಯ ಡೋಂಗ್ರಿ ಜೈಲಿನಲ್ಲಿ 101 ದಿನ ಕಳೆದರು. ಆ ಮೊಕದ್ದಮೆಯಲ್ಲಿ ಬರ್ವೆಯವರ ಮಾನದ ಪ್ರಶ್ನೆ ಇತ್ಯರ್ಥವಾಯಿತೇ ಹೊರತು ಮಹಾರಾಜರ ಚಿತ್ತಸ್ಥಿತಿಯ ಪ್ರಶ್ನೆ ಅಲ್ಲ. ಮರುವರ್ಷ ಡಿಸೆಂಬರಿನಲ್ಲಿ, ಇಪ್ಪತ್ತರ ವಯಸ್ಸಿನ ಆ ಅರಸರು ಅಹಮದನಗರದಲ್ಲಿ ಬಂಧನದಲ್ಲಿದ್ದಾಗಲೇ ಗೋರಾ ಕಾವಲುಗಾರನೊಂದಿಗೆ ನಡೆದ ಸೆಣಸಾಟದಲ್ಲಿ ಮೃತರಾದರು.

ಹೊರದೇಶದಲ್ಲಿಯೂ ಹೀಗೆಯೇ ಆಗಿತ್ತು. ಅಮೆರಿಕೆಯ ಇಲಿನಾಯ್ ಸಂಸ್ಥಾನದಲ್ಲಿ ಗಂಡನಾದವನು ವಿಚಾರಣೆಯಿಲ್ಲದೆ ಹೆಂಡತಿಯನ್ನು ಹುಚ್ಚಾಸ್ಪತ್ರೆಗೆ ಸೇರಿಸಬಹುದಿತ್ತು. ಎಲಿಜಬೆತ್ ಪ್ಯಾಕರ್ಡ್ ಎಂಬಾಕೆ, ಪಾದ್ರಿಯಾದ ಗಂಡನ ಧಾರ್ಮಿಕ ಅಭಿಪ್ರಾಯಗಳನ್ನು ಒಪ್ಪದ ಕಾರಣಕ್ಕೆ 1860ರಿಂದ ಮೂರು ವರ್ಷ ಹಾಗೆ ಒಳಗಿದ್ದರು. 1864ರಲ್ಲಿ ಕೊನೆಗೂ ಜ್ಯೂರಿಯ ಮುಂದೆ ವಿಚಾರಣೆ ನಡೆದಾಗ, ಆಕೆಯ ಬುದ್ಧಿ ಸರಿಯಾಗಿದೆ ಎಂದು ಹೇಳಲು ಅವರಿಗೆ ಏಳು ನಿಮಿಷ ಸಾಕಾಯಿತು. ಆಕೆಯ ಹೋರಾಟದಿಂದ 1867ರಲ್ಲಿ ಅಲ್ಲಿ ಜ್ಯೂರಿ ವಿಚಾರಣೆ ಕಡ್ಡಾಯವಾಯಿತು. ಅದೇ ಇಲಿನಾಯ್‌ನಲ್ಲಿ 1875ರಲ್ಲಿ ಅಧ್ಯಕ್ಷ ಲಿಂಕನ್ನರ ಪತ್ನಿ ಮೇರಿ ಅವರನ್ನು ಮಗನ ಅರ್ಜಿಯ ಮೇರೆಗೆ ಜ್ಯೂರಿಯೇ ಬುದ್ಧಿಭ್ರಮಿತೆ ಎಂದು ತೀರ್ಮಾನಿಸಿತು. ಆಕೆಯ ಪರ ವಕೀಲರು ಒಬ್ಬ ಸಾಕ್ಷಿಯನ್ನೂ ಕರೆಯಲಿಲ್ಲ. ಮರುವರ್ಷ ಇನ್ನೊಂದು ಜ್ಯೂರಿ ಆಕೆಯ ಬುದ್ಧಿ ಸ್ವಸ್ಥವಾಗಿದೆ ಎಂದಿತು. ಆದ್ದರಿಂದ ನಿಮ್ಮ ಅಜ್ಜಿಯವರ ಪರವಾಗಿ ಆ ದಿನ ಯಾರು ನಿಂತಿದ್ದರು ಎಂಬುದನ್ನು ಹುಡುಕಿ ಎಂದು ಕೇಳಿಕೊಳ್ಳುತ್ತೇನೆ.

ಮಡಗಾಂವ್ ಕನ್ನಡಿಗ

ಗೋವೆಯಲ್ಲಿ 1870ರಿಂದ ಜಾರಿಯಲ್ಲಿದ್ದ ಪೋರ್ಚುಗೀಸ್ ಸಿವಿಲ್ ಕೋಡಿನಲ್ಲಿ ಇಂಥ ಪ್ರಕರಣಗಳಲ್ಲಿ ಕುಟುಂಬ ಮಂಡಳಿಯ ಅಭಿಪ್ರಾಯ ಕೇಳುವ ಪದ್ಧತಿಯಿತ್ತು. ಅದರಲ್ಲಿ ತಂದೆಯ ಕಡೆಯವರೂ ತಾಯಿಯ ಕಡೆಯವರೂ ಇರುತ್ತಿದ್ದರು. ಹೆಣ್ಣುಮಗಳ ತವರಿನವರಿಗೆ ಮಾತಾಡುವ ಸ್ಥಾನ ಸಿಗುತ್ತಿದ್ದದ್ದು ಒಳ್ಳೆಯದೆಂದು ನನಗನ್ನಿಸುತ್ತದೆ, ಸಂಬಂಧಿಕರೆಲ್ಲ ಒಂದಾಗಿಬಿಟ್ಟರೆ ಅದೂ ರಕ್ಷಣೆಯಾಗಲಾರದು ಎಂಬುದು ನಿಜವಾದರೂ. ನಿಮ್ಮ ಆದೇಶದಲ್ಲಿ ತವರಿನವರ ಹೆಸರು ಎಲ್ಲಾದರೂ ಇದೆಯೇ?

ಡೊಂಬಿವಲಿ ನಿವಾಸಿ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ವಕೀಲರು ಹೇಳಿದಂತೆ ಆದೇಶವನ್ನು ಪೂರ್ತಿ ಓದಿದೆ. ಶರೀರದ ಪೋಷಕರಾಗಿ ನೇಮಕವಾದವರು ನನ್ನ ಅಜ್ಜ, ಅಂದರೆ ಆಕೆಯ ಸ್ವಂತ ಅಣ್ಣ. ನೋಟೀಸು ಜಾರಿಯಾಗಿದೆ ಎಂದಿದೆ, ಸಿವಿಲ್ ಸರ್ಜನ್ನರ ಸಾಕ್ಷ್ಯದ ಉಲ್ಲೇಖವಿದೆ. ಆಕೆಯ ಹೇಳಿಕೆಯ ಉಲ್ಲೇಖವಿಲ್ಲ. ಆಸ್ಪತ್ರೆಯ ಮಾತು ಕೊನೆಯವರೆಗೂ ಇಲ್ಲ. ಇಷ್ಟು ವರ್ಷ ನಾವು ಮೈದುನನ ಮನೆಯವರನ್ನಷ್ಟೇ ದೂರುತ್ತಿದ್ದೆವು. ಈಗ, ಯರವಡಾಕ್ಕೆ ಸೇರಿಸಲು ಅರ್ಜಿ ಹಾಕಿದವರು ನಮ್ಮ ಅಜ್ಜನೇ ಇರಬಹುದೇ ಎಂಬ ಪ್ರಶ್ನೆ ಕಾಡುತ್ತಿದೆ. ಇದ್ದದ್ದನ್ನು ಇದ್ದಂತೆ ತಿಳಿಯಬೇಕೆಂಬುದೇ ನನ್ನ ಇಚ್ಛೆ.

ಪುಣೆಯ ನಿವೃತ್ತ ವಕೀಲ

ಇರಬಹುದು, ಇಲ್ಲದೆಯೂ ಇರಬಹುದು. ಬೀದಿಯಲ್ಲಿ ಅಲೆಯುತ್ತಿದ್ದವರನ್ನು ಪೊಲೀಸರು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವ ಬೇರೊಂದು ದಾರಿಯೂ ಅದೇ ಕಾಯಿದೆಯಲ್ಲಿತ್ತು. ಯಾವ ದಾರಿಯಿಂದ ಸೇರಿದರು ಎಂಬುದು ಮುಖ್ಯ, ಏಕೆಂದರೆ ಹೊರಬರುವ ದಾರಿಯೂ ಅದನ್ನೇ ಅವಲಂಬಿಸಿತ್ತು. ಸಂಬಂಧಿಕರ ಅರ್ಜಿಯಿಂದ ಸೇರಿದವರನ್ನು, ಅರ್ಜಿದಾರನೇ ಲಿಖಿತವಾಗಿ ಕೇಳಿದರೆ, ಅಪಾಯಕಾರಿ ಎಂದು ವೈದ್ಯಾಧಿಕಾರಿ ಪ್ರಮಾಣೀಕರಿಸದ ಹೊರತು ಬಿಡಬೇಕಿತ್ತು. ಪೊಲೀಸರ ಮೂಲಕ ಸೇರಿದವರನ್ನು ಬಂಧುಗಳು ಮುಚ್ಚಳಿಕೆ ಬರೆದುಕೊಟ್ಟು ಕರೆದೊಯ್ಯಬಹುದಿತ್ತು. ಇದಲ್ಲದೆ ಆಸ್ಪತ್ರೆಯ ಸಂದರ್ಶಕ ಮಂಡಳಿಯ ಮೂವರು, ಅವರಲ್ಲೊಬ್ಬರು ವೈದ್ಯಾಧಿಕಾರಿ, ಸೇರಿ ಬಿಡುಗಡೆಯ ಆದೇಶ ಮಾಡಬಹುದಿತ್ತು.

ಜಿಲ್ಲಾ ನ್ಯಾಯಾಲಯದ ರೆಕಾರ್ಡ್ ರೂಮಿಗೆ, ನಕಲಿನ ಮೇಲಿರುವ ಅರ್ಜಿ ಸಂಖ್ಯೆ ಮತ್ತು ವರ್ಷವನ್ನು ನಮೂದಿಸಿ ಪೂರ್ಣ ಕಡತದ ನಕಲಿಗೆ ಅರ್ಜಿ ಕೊಡಿ. ವ್ಯವಸ್ಥಾಪಕನು ಆಸ್ತಿಯ ಪಟ್ಟಿಯನ್ನೂ ವರ್ಷವರ್ಷದ ಲೆಕ್ಕವನ್ನೂ ನ್ಯಾಯಾಲಯಕ್ಕೆ ಸಲ್ಲಿಸಬೇಕಿತ್ತು, ಮಾರಾಟ ಮತ್ತು ಅಡಮಾನಕ್ಕೆ ಅನುಮತಿ ಪಡೆಯಬೇಕಿತ್ತು. ಆ ಲೆಕ್ಕಗಳು ಉಳಿದಿದ್ದರೆ, ಯರವಡಾದ ಖರ್ಚು ಯಾವ ತಿಂಗಳಿನಿಂದ ಆರಂಭವಾಯಿತು ಎಂಬುದು ಅಲ್ಲಿಯೇ ಕಂಡೀತು. ಮುಂಬೈಯಲ್ಲಿ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ರಾಜ್ಯ ಪತ್ರಾಗಾರವನ್ನೂ ಒಮ್ಮೆ ವಿಚಾರಿಸಿ. ಆಸ್ಪತ್ರೆಯ ರೋಗಿ ದಾಖಲೆಗಳಿಗೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ಗೋಪ್ಯತೆಯ ನಿಯಮ ಅಡ್ಡ ಬರಬಹುದು. ಆದ್ದರಿಂದ ನ್ಯಾಯಾಲಯದ ಕಡತದಿಂದಲೇ ಆರಂಭಿಸುವುದು ಒಳ್ಳೆಯದು. ಆ ಕಡತದಲ್ಲಿ ನಿಮ್ಮ ಅಜ್ಜನ ಹೇಳಿಕೆ ಇದ್ದರೆ ಅದನ್ನು ಮೊದಲು ಓದಿ, ಬೇಕಾದರೆ ನಾನೂ ಕುಳಿತು ಓದಿ ವಿವರಿಸುತ್ತೇನೆ.