ಸಹಾಯ ಬೇಕು: ಕ್ಯಾನೆ ಯುದ್ಧವನ್ನು ಮಕ್ಕಳಿಗೆ ಹೇಗೆ ತೋರಿಸಲಿ?

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲ್ ಮಕ್ಕಳಿಗೆ ಇತಿಹಾಸ ಹೇಳಿಕೊಡುತ್ತೇನೆ. ಗುರುವಾರ ಕ್ರಿ.ಪೂ. 216ರ ಕ್ಯಾನೆ ಯುದ್ಧದ ಬಗ್ಗೆ, ಅಂದರೆ ಕಾರ್ತೇಜ್‌ನ ಸೇನಾಪತಿ ಹ್ಯಾನಿಬಾಲ್ ಇಟಲಿಯಲ್ಲಿ ರೋಮನ್ನರನ್ನು ಸೋಲಿಸಿದ ಯುದ್ಧದ ಬಗ್ಗೆ ಹೇಳಬೇಕು. ಸುಮ್ನೆ ಬೋರ್ಡ್ ಮೇಲೆ ಬಾಣ ಎಳೆದರೆ ಮಕ್ಕಳ ತಲೆಗೆ ಹೋಗುವುದಿಲ್ಲ. ಅದಕ್ಕೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಯುದ್ಧ ನಡೆದ ಜಾಗದ ಔಫಿಡಸ್ ನದಿ ಬರೆದು, ರೋಮನ್ನರಿಗೆ ಹುಣಸೆ ಬೀಜ, ಹ್ಯಾನಿಬಾಲ್ ಕಡೆಯವರಿಗೆ ಅವರೆಕಾಳು ಇಡೋಣ ಅಂದುಕೊಂಡಿದ್ದೇನೆ.

ಸೈನ್ಯದ ಚಲನೆ ತೋರಿಸುವುದು ಕಷ್ಟವಲ್ಲ. ಹ್ಯಾನಿಬಾಲ್ ಗಾಲ್ ಮತ್ತು ಸ್ಪೇನ್ ಕಡೆಯ ಕಾಲಾಳುಗಳನ್ನು ನಡುವೆ ಬಿಲ್ಲಿನ ಹಾಗೆ ಮುಂದಕ್ಕೆ ಬಾಗಿಸಿ ನಿಲ್ಲಿಸಿದ, ಅವರು ಹೊಡೆದಾಡುತ್ತಲೇ ಹಿಂದೆ ಸರಿದರು, ಒಳಗೆ ನುಗ್ಗಿದ ರೋಮನ್ನರನ್ನು ಎರಡೂ ಬದಿಯಿಂದ ಆಫ್ರಿಕದ ಕಾಲಾಳುಗಳು ಅಮುಕಿದರು, ಕೊನೆಗೆ ಹ್ಯಾನಿಬಾಲ್ ಕಡೆಯ ದಳಪತಿ ಹಸ್ದ್ರುಬಾಲನ ಕುದುರೆ ಪಡೆ ಹಿಂದಿನಿಂದ ಬಂದು ದಾರಿ ಮುಚ್ಚಿತು.

ನನಗೆ ತೊಡಕಾಗಿರುವುದು ಬೇರೆ. ಅಷ್ಟು ಒತ್ತಡದಲ್ಲೂ ನಡುವಿನ ಸಾಲು ಚೆದುರಿ ಓಡಲಿಲ್ಲ ಯಾಕೆ? ಹ್ಯಾನಿಬಾಲ್ ತನ್ನ ತಮ್ಮ ಮಾಗೋ ಜೊತೆ ಅಲ್ಲೇ ಇದ್ದ, ಸರಿ. ಅಷ್ಟೇ ಸಾಕಾಯಿತಾ? ಈ ಪ್ರಶ್ನೆ ಮಕ್ಕಳು ಕೇಳೇ ಕೇಳುತ್ತಾರೆ.

ಇನ್ನೊಂದು, ಸತ್ತ ರೋಮನ್ನರ ಲೆಕ್ಕ. ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಸುಮಾರು 70,000 ಅನ್ನುತ್ತಾನೆ, ರೋಮನ್ ಇತಿಹಾಸಕಾರ ಲಿವಿ ಸುಮಾರು 48,000. ನೀವು ತರಗತಿಯಲ್ಲಿ ಯಾವುದನ್ನು ಹೇಳುತ್ತೀರಿ? ಲೆಕ್ಕ ಯಾವುದೇ ಆಗಲಿ, ಅದು ಒಂದೇ ದಿನದ ಸಾವು, ಮಕ್ಕಳಿಗೆ ಬರೀ ಕಾಳಿನ ಆಟ ಅನ್ನಿಸಬಾರದು ಅಲ್ವಾ.

ಕನ್ನಡದಲ್ಲಿ ಹೆಸರು ಬರೆದ ನಕ್ಷೆ ಯಾರ ಹತ್ತಿರವಾದರೂ ಇದ್ದರೆ ಬುಧವಾರದೊಳಗೆ ಇಲ್ಲಿ ಹಾಕಿ, ದಯವಿಟ್ಟು.