ಸಹಾಯ ಬೇಕು: ಬೇಟೆಗೆ ಹಗುರವಾದ ಸೆಕೆಂಡ್ ಹ್ಯಾಂಡ್ ಕಾಂಪೌಂಡ್ ಬಿಲ್ಲು

ಎಲ್ಲರಿಗೂ ನಮಸ್ಕಾರ. ಪರವಾನಗಿ ಇರುವ ಜಿಂಕೆ ಬೇಟೆಗೆ ಸೆಕೆಂಡ್ ಹ್ಯಾಂಡ್ ಕಾಂಪೌಂಡ್ ಬಿಲ್ಲೊಂದು (ತುದಿಗಳಲ್ಲಿ ಗಾಲಿ, ಕೇಬಲ್ ಇರುವಂಥದ್ದು) ಬೇಕಾಗಿದೆ. ದಿನವಿಡೀ ಹೊತ್ತು ನಡೆಯಬೇಕು, ಹಾಗಾಗಿ ಸೈಟ್ (ಗುರಿ ನೋಡುವ ಸಾಧನ), ರೆಸ್ಟ್ (ಬಾಣ ಕೂರುವ ಆಸರೆ) ಹಾಕದ ಬರೀ ಬಿಲ್ಲು 3.5 ಪೌಂಡ್ ಅಂದರೆ ಸುಮಾರು 1.6 ಕೆಜಿ ದಾಟಬಾರದು. ಬಲಗೈ, ಡ್ರಾ ಲೆಂತ್ (ಎಳೆತದ ಉದ್ದ) 28 ಇಂಚು, ಡ್ರಾ ವೇಟ್ (ಎಳೆಯಲು ಬೇಕಾದ ಬಲ) 50ರಿಂದ 60 ಪೌಂಡ್.

ಈ ಅಳತೆಗೆ ಹೊಂದುವ ಒಂದು ಬಿಲ್ಲು ಸಿಕ್ಕಿದೆ. ಆದರೆ ಕೆಳಗಿನ ಲಿಂಬಿನ (ಬಾಗುವ ತೋಳಿನ) ಅಂಚಿನಲ್ಲಿ, ಅದು ಬಿಲ್ಲಿನ ಹಿಡಿಭಾಗಕ್ಕೆ ಕೂರುವ ಪಾಕೆಟ್ ಹತ್ತಿರ, ಕೂದಲೆಳೆಯಷ್ಟು ಬಿಳಿ ಗೆರೆ ಇದೆ. ಹತ್ತಿ ಉಜ್ಜಿ ನೋಡಿದರೆ ಎಳೆ ಸಿಕ್ಕಿಕೊಳ್ಳುತ್ತಿಲ್ಲ. ಸಣ್ಣ ಬಿರುಕಾದರೆ ಹತ್ತಿಗೂ ಸಿಗದಿರಬಹುದು. ಬರೀ ಬಣ್ಣ ಬಿರಿದಿದೆಯೋ, ಫೈಬರ್‌ಗ್ಲಾಸೇ ಸೀಳಿದೆಯೋ, ಹೇಗೆ ಖಚಿತ ಮಾಡಿಕೊಳ್ಳೋದು?

ಜೊತೆಗೆ ಮೇಲಿನ ಕ್ಯಾಮ್ (ಲಿಂಬಿನ ತುದಿಯ ಗಾಲಿ) ಪಕ್ಕಕ್ಕೆ ಸ್ವಲ್ಪ ಅಲ್ಲಾಡುತ್ತೆ. ಬಾಣವಿಲ್ಲದೆ ಸ್ಟ್ರಿಂಗ್ ಬಿಟ್ಟರೆ ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ಲಿಂಬು, ಕ್ಯಾಮುಗಳಿಗೇ ಹೊಡೆಯುತ್ತೆ, ಕ್ಯಾಮ್ ತಿರುಗುವ ಆಕ್ಸಲ್ ಬಾಗಬಹುದು. ಗೆರೆ, ಅಲ್ಲಾಟ ಎರಡೂ ಒಂದೇ ಬಿಲ್ಲಲ್ಲಿ ಇರೋದ್ರಿಂದ ಇದನ್ನೂ ಹಾಗೆ ಬಿಟ್ಟಿರಬಹುದು ಅನ್ನೋದೇ ನನ್ನ ಆತಂಕ. ಬುಶಿಂಗ್ (ಆಕ್ಸಲ್ ಸುತ್ತಲಿನ ಬಳೆ) ಸವೆತದಿಂದಲೂ ಕ್ಯಾಮ್ ಹೀಗೆ ಅಲ್ಲಾಡುತ್ತೆ ಅನ್ನೋದು ಗೊತ್ತು. ಪ್ರೆಸ್ (ಲಿಂಬುಗಳನ್ನು ಒತ್ತಿ ಹಿಡಿಯುವ ಯಂತ್ರ) ಮೇಲೆ ಹಾಕಿ ಆಕ್ಸಲ್ ಬಿಚ್ಚದೆ, ಬಾಗಿದ ಆಕ್ಸಲ್ಲೋ ಸವೆದ ಬುಶಿಂಗೋ ಅಂತ ಹೇಳೋಕೆ ಆಗುತ್ತಾ? ಅನುಮಾನ ಬಗೆಹರಿಯುವವರೆಗೆ ಅದನ್ನು ಎಳೆದು ನೋಡಲ್ಲ.

ಸ್ಟ್ರಿಂಗ್, ಕೇಬಲ್ ಹೇಗೂ ಬದಲಿಸುತ್ತೇನೆ, ಸರ್ವಿಂಗ್ (ಸ್ಟ್ರಿಂಗಿಗೆ ಸುತ್ತಿದ ರಕ್ಷಣೆಯ ದಾರ) ಸಡಿಲವಾಗಿದೆ.

ಇನ್ನೊಂದು: 60 ಪೌಂಡಿಗೆ 400 ಗ್ರೇನಿನ (ಸುಮಾರು 26 ಗ್ರಾಂ) ಬಾಣ ಬಳಸುವ ಯೋಚನೆ. ಹಗುರ ಬಿಲ್ಲು ಗುರಿಯಲ್ಲಿ ಬೇಗ ನಡುಗುತ್ತೆ. 6 ಇಂಚಿನ ಸ್ಟೆಬಿಲೈಸರ್ (ನಡುಕ ತಗ್ಗಿಸಲು ಬಿಲ್ಲಿನ ಮುಂದೆ ಹಾಕುವ ತೂಕದ ಕೋಲು) ಸಾಕಾ, 8 ಇಂಚೇ ಬೇಕಾ? ಇಷ್ಟೇ ತೂಕದ ಬಿಲ್ಲು ಬಳಸುವವರು ದಯವಿಟ್ಟು ತಿಳಿಸಿ.